ಬೊಂಡಕ್ಕೆ ಎಣ್ಣೆ ಬೇಡ

ಉದ್ಯಾನಗಳ ವಾಣಿಜ್ಯ ಅನುಮತಿ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಬೊಂಡವನ್ನು ಕರಿಯುವುದಿಲ್ಲ, ಕೆತ್ತುತ್ತಾರೆ. ಅದಕ್ಕೆ ಎಣ್ಣೆ ಬೇಡ, ಒಲೆ ಬೇಡ, ಕಡಲೆಹಿಟ್ಟು ಬೇಡ. ಬೇಕಾದದ್ದು ಒಂದು ಕತ್ತಿ ಮತ್ತು ಕೆತ್ತಲು ಬರುವ ಕೈ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮೂರು ವರ್ಷದ ಮಗುವಿಗೂ ಗೊತ್ತಿರುವ ಈ ಸಂಗತಿಯನ್ನು ಪತ್ರಿಕೆಯ ಮೂಲಕ ತಮಗೆ ತಿಳಿಸಬೇಕಾಗಿ ಬಂದದ್ದಕ್ಕೆ ವಿಷಾದವಿದೆ. ತಾವು ಬೇರೆ ಕಡೆಯಿಂದ ವರ್ಗವಾಗಿ ಬಂದವರಿರಬಹುದು. ತಮ್ಮ ಕಡೆ ಅದಕ್ಕೆ ಎಳನೀರು ಎನ್ನುತ್ತಾರೆ. ಬೊಂಡ ಎಂದರೆ ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುವ ತಿಂಡಿ. ನಮ್ಮ ಕಡೆ ಬೊಂಡ ಎಂದರೆ ತೆಂಗಿನ ಮರದಲ್ಲಿ ಆಗುವಂಥದ್ದು. ಈ ಒಂದು ಶಬ್ದದ ವ್ಯತ್ಯಾಸಕ್ಕಾಗಿ, ಕುಂಟಲಗುಡ್ಡೆ ವೃಕ್ಷೋದ್ಯಾನದ ಗೇಟಿನೊಳಗೆ ಹದಿನೇಳು ವರ್ಷಗಳಿಂದ ಬೊಂಡ ಮಾರುತ್ತಿರುವ ಕಾವೇರಮ್ಮ ಎಂಬ ಹೆಂಗಸು ಈ ಮೇ ತಿಂಗಳ ಮೂವತ್ತೊಂದರೊಳಗೆ ಜಾಗ ಖಾಲಿ ಮಾಡಬೇಕೆಂದು ತಮ್ಮ ಕಚೇರಿ ಆದೇಶಿಸಿದೆ. ಕಾರಣವನ್ನು ಆದೇಶದಲ್ಲಿ ಹೀಗೆ ಕೊಟ್ಟಿದ್ದೀರಿ: ‘ಅರ್ಜಿದಾರರು ಉದ್ಯಾನದೊಳಗೆ ತೆರೆದ ಬೆಂಕಿ ಬಳಸಿ, ಎಣ್ಣೆಯಲ್ಲಿ ಕರಿದ ಮೊಟ್ಟೆ ಬೋಂಡಾ ಮಾರಾಟ ಮಾಡುತ್ತಿರುವುದು ಅರ್ಜಿಯಿಂದಲೇ ಸ್ಪಷ್ಟವಾಗಿರುತ್ತದೆ.’

ಮೊಟ್ಟೆ ಎಲ್ಲಿಂದ ಬಂತು? ನಾನೂ ಅದನ್ನೇ ಕೇಳಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಾನು ಯಾರು ಎಂಬುದನ್ನು ಹೇಳಬೇಕು, ಯಾಕೆಂದರೆ ಆ ಅರ್ಜಿ ಬರೆದವನು ನಾನು. ನನ್ನ ಹೆಸರು ನಿತ್ಯಾನಂದ. ಊರು ನಾರಾವಿ. ಮೂವತ್ತೆರಡು ವರ್ಷ ಬಸ್ ನಿಲ್ದಾಣದಲ್ಲಿ ಟೈಮ್ ಕೀಪರ್ ಆಗಿದ್ದೆ. ಅಂದರೆ ಎರಡು ನಿಮಿಷ ತಡವಾಗಿ ಬಂದ ಡ್ರೈವರನಿಗೆ ಬೈಯುವುದು, ಎರಡು ನಿಮಿಷ ಬೇಗ ಹೊರಟವನಿಗೆ ಇನ್ನೂ ಹೆಚ್ಚು ಬೈಯುವುದು. ಅದಕ್ಕೂ ಮುಂಚೆ ಮೂಡುಬಿದಿರೆಯಲ್ಲಿ ಬಿ.ಎ. ಎರಡನೇ ವರ್ಷದವರೆಗೆ ಓದಿದ್ದೇನೆ. ಇಂಗ್ಲಿಷಿನಲ್ಲಿ ಒಂದು ಪೇಪರು ಉಳಿಯಿತು, ಉಳಿದದ್ದು ಉಳಿದೇ ಹೋಯಿತು. ಆದರೂ ನಮ್ಮ ಊರಿನಲ್ಲಿ ಯಾರಿಗಾದರೂ ಇಂಗ್ಲಿಷ್ ಕಾಗದ ಬಂದರೆ ‘ನಿತ್ಯಣ್ಣನಿಗೆ ತೋರಿಸುವ’ ಎನ್ನುವುದುಂಟು. ಈ ಮಾತಿನಿಂದ ನನ್ನ ತಲೆ ಎಷ್ಟು ಹಾಳಾಗಿತ್ತೆಂಬುದು ಮುಂದೆ ತಿಳಿಯುತ್ತದೆ.

ನಿಯಮಗಳೇ ಬೇಡ ಎನ್ನುವವನು ನಾನಲ್ಲ, ಮಾನ್ಯರೇ. ಕಳೆದ ಬೇಸಿಗೆಯಲ್ಲಿ ಯಾರೋ ಮದುವೆಗೆ ಮುಂಚಿನ ಫೋಟೊ ತೆಗೆಯುವ ಕಂಪನಿಯವರು ಅದೇ ಉದ್ಯಾನದಲ್ಲಿ ಬಣ್ಣದ ಹೊಗೆ ಬಿಟ್ಟು ಒಣ ಎಲೆಗೆ ಬೆಂಕಿ ಹತ್ತಿಸಿ, ನಂದಿಸಲು ಊರವರನ್ನು ಕರೆದು, ನಂದುವ ಹೊತ್ತಿಗೆ ಹೊರಟುಹೋಗಿದ್ದರು. ಅಂಥವರಿಗೆ ಅರ್ಜಿಯೂ ಬೇಕು, ಶುಲ್ಕವೂ ಬೇಕು, ಠೇವಣಿಯೂ ಬೇಕು. ಆದರೆ ಫೆಬ್ರವರಿಯಲ್ಲಿ ಗೇಟಿಗೆ ಅಂಟಿಸಿದ ತಮ್ಮ ಪ್ರಕಟಣೆಯಲ್ಲಿ ಡ್ರೋನ್ ಹಾರಿಸುವವರು, ಜೀಪು ಓಡಿಸುವವರು, ಮರದಿಂದ ಮರಕ್ಕೆ ಹಗ್ಗ ಕಟ್ಟಿ ಜನರನ್ನು ಜಾರಿಸುವವರು ಮತ್ತು ಕಾವೇರಮ್ಮ, ಎಲ್ಲರೂ ಒಂದೇ: ‘ವಾಣಿಜ್ಯ ನಿರ್ವಾಹಕರು’. ಎಲ್ಲರಿಗೂ ಒಂದೇ ಅರ್ಜಿ, ಹದಿನಾಲ್ಕು ಪುಟ, ಆನ್‌ಲೈನ್ ಮಾತ್ರ, ಇಂಗ್ಲಿಷಿನಲ್ಲಿ ಮಾತ್ರ. ಕನ್ನಡ ಕಾಣಿಸುವುದು ಶೀರ್ಷಿಕೆಯಲ್ಲಿ, ಲಾಂಛನದ ಕೆಳಗೆ.

ಪ್ರಕಟಣೆಯನ್ನು ನಾನು ಓದಿ ಹೇಳಿದಾಗ ಕಾವೇರಮ್ಮ ಕತ್ತಿ ಕೆಳಗಿಟ್ಟು ಕೇಳಿದ್ದು ಇಷ್ಟು. ತುಳುವಿನಲ್ಲಿ ಕೇಳಿದ್ದನ್ನು ತಮ್ಮ ಅನುಕೂಲಕ್ಕಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ನಾನು ಎಂಥ ನಿರ್ವಾಹಕಿ ನಿತ್ಯಣ್ಣ? ನಾನೇನು ಬಸ್ಸಿನಲ್ಲಿ ಟಿಕೆಟ್ ಹರಿಯುತ್ತೇನಾ?”

“ಅದು ಕಂಡಕ್ಟರ್ ಅಲ್ಲ ಕಾವೇರಮ್ಮ. ಇಂಗ್ಲಿಷಿನಲ್ಲಿ ಆಪರೇಟರ್.”

“ಅಂದ್ರೆ ಹೊಟ್ಟೆ ಕೊಯ್ಯುವವರಾ?”

“ನೀವು ಬೊಂಡ ಕೊಯ್ಯುದಿಲ್ವಾ? ಹಾಗೆ ಅಂತ ಇಟ್ಟುಕೊಳ್ಳಿ.”

ನಗಾಡಿದರು. ಅವರ ಗಂಡ ತುಕ್ರಪ್ಪ ಬೆಂಚಿನ ಮೇಲೆ ಮಲಗಿದ್ದವರು ಮಲಗಿದಲ್ಲಿಂದಲೇ ನಗಾಡಿದರು. ತುಕ್ರಪ್ಪ ನಮ್ಮ ಕಡೆಯ ಹೆಸರಾಂತ ತೆಂಗು ಹತ್ತುವವರಾಗಿದ್ದರು. ಹದಿನೆಂಟು ವರ್ಷದ ಹಿಂದೆ ಮರದಿಂದ ಬಿದ್ದು ಬೆನ್ನು ಹೋಯಿತು. ಅರ್ಧ ಗಂಟೆ ಕುಳಿತರೆ ಒಂದು ಗಂಟೆ ಮಲಗಬೇಕು. ಗೇಟಿನೊಳಗಿನ ಆ ಜಾಗದಲ್ಲಿ ದೂಪದ ಮರದ ನೆರಳುಂಟು, ಸಿಮೆಂಟಿನ ಬೆಂಚುಂಟು, ಹತ್ತು ಹೆಜ್ಜೆಯಲ್ಲಿ ಶೌಚಾಲಯವುಂಟು. ಆದ್ದರಿಂದಲೇ ಕಾವೇರಮ್ಮ ಗಂಡನನ್ನು ಮನೆಯಲ್ಲಿ ಒಬ್ಬರನ್ನೇ ಬಿಡದೆ ಜೊತೆಗೆ ಕರೆತಂದು ದುಡಿಯುತ್ತಿದ್ದಾರೆ. ಗೇಟಿನ ಹೊರಗೆ ರಸ್ತೆ ಬದಿಯಲ್ಲಿ ಯಾರಿಗೆ ಬೇಕಾದರೂ ಬೊಂಡ ಮಾರಬಹುದಲ್ಲ ಎಂದು ತಮ್ಮ ಸಿಬ್ಬಂದಿ ಉದಾರವಾಗಿ ಹೇಳಿದರಂತೆ. ಮಾರಬಹುದು. ತುಕ್ರಪ್ಪನವರನ್ನು ಎಲ್ಲಿ ಮಲಗಿಸುವುದು? ಡಾಮರಿನ ಮೇಲೆಯೇ?

ಮೊದಲು ಇದ್ದ ಕ್ರಮ ಹೀಗೆ: ಬೆಳಿಗ್ಗೆ ವಾಚ್‌ಮನ್ ಬಂದು ಹತ್ತು ರೂಪಾಯಿಯ ಚೀಟಿ ಹರಿದು ಕೊಡುತ್ತಿದ್ದ. ಹೊಸ ಕ್ರಮದಲ್ಲಿ ಮೂರು ವರ್ಗ. ಹಣ್ಣು, ಕಾಯಿ, ಪಾನೀಯದವರು ಎ ವರ್ಗ, ವರ್ಷಕ್ಕೆ ಮೂರು ಸಾವಿರದ ಆರುನೂರ ಐವತ್ತು. ದಿನಕ್ಕೆ ಅದೇ ಹತ್ತು ರೂಪಾಯಿ. ಇದನ್ನು ಲೆಕ್ಕ ಹಾಕಿದವರು ಯಾರೋ ಮನುಷ್ಯತ್ವ ಇರುವವರು. ಪ್ಯಾಕೆಟ್ ತಿಂಡಿಯವರು ಬಿ ವರ್ಗ. ಬೆಂಕಿ ಬಳಸುವವರು ಸಿ ವರ್ಗ, ವರ್ಷಕ್ಕೆ ನಲವತ್ತೆಂಟು ಸಾವಿರ, ಜೊತೆಗೆ ಅಗ್ನಿಶಾಮಕದವರ ಒಪ್ಪಿಗೆ ಪತ್ರ. ಕಾವೇರಮ್ಮ ಎ ವರ್ಗದ ಹಣವನ್ನು ಒಂದೇ ಕಂತಿನಲ್ಲಿ ಕಟ್ಟಲು ತಯಾರಿದ್ದರು. ತಕರಾರು ಶುಲ್ಕದ್ದಲ್ಲ ಎಂಬುದನ್ನು ದಯವಿಟ್ಟು ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಳ್ಳಿ.

ಮಾರ್ಚ್ ಎರಡನೇ ವಾರ ನಾವಿಬ್ಬರೂ ಉನೈಸನ ಸೈಬರ್ ಅಂಗಡಿಗೆ ಹೋದೆವು. ಉನೈಸ್ ಇಪ್ಪತ್ತು ವರ್ಷದಿಂದ ಊರಿನ ಪಹಣಿ, ಪಾಸ್‌ಪೋರ್ಟು, ಪಿಂಚಣಿ ಎಲ್ಲ ಮಾಡಿಕೊಟ್ಟವನು. ತಮ್ಮ ಕಚೇರಿಗಿಂತ ಹೆಚ್ಚು ಕಚೇರಿ ಕಂಡವನು. ಮೊದಲ ಪುಟಗಳಲ್ಲಿ ಮೂರು ವರ್ಷದ ಲೆಕ್ಕಪರಿಶೋಧಕರ ವರದಿ ಕೇಳಿದ್ದೀರಿ, ಅತಿಥಿಗಳ ವಿಮೆ ಕೇಳಿದ್ದೀರಿ, ತುರ್ತು ಸಂದರ್ಭದಲ್ಲಿ ಗ್ರಾಹಕರನ್ನು ಸ್ಥಳಾಂತರಿಸುವ ಯೋಜನೆ ಕೇಳಿದ್ದೀರಿ. ಕೊನೆಯದಕ್ಕೆ ಕಾವೇರಮ್ಮ ತಕ್ಷಣ ಉತ್ತರ ಕೊಟ್ಟರು: “ಜೇನುನೊಣ ಎದ್ದರೆ ಓಡುದು. ಹಾಗೇ ಬರೆಯಿರಿ.” ನಾನು ಇಂಗ್ಲಿಷಿನಲ್ಲಿ ‘ರನ್ನಿಂಗ್’ ಎಂದು ಬರೆದೆ. ಅಷ್ಟಾದ ಮೇಲೆ ಅವರು ತುಕ್ರಪ್ಪನವರನ್ನು ನೋಡಿಕೊಳ್ಳಲು ಉದ್ಯಾನಕ್ಕೆ ಹೋದರು. ಹೋಗುವಾಗ, “ನೀವು ಇದ್ದೀರಲ್ಲ ನಿತ್ಯಣ್ಣ, ನನಗೆ ಎಂತ ಹೆದರಿಕೆ?” ಎಂದರು.

ಆರನೇ ಪುಟದಲ್ಲಿ ಮಾರುವ ವಸ್ತುವಿನ ಕಾಲಂ. ಅದರಲ್ಲಿ ಹನ್ನೆರಡು ಅಕ್ಷರಕ್ಕೆ ಮಾತ್ರ ಜಾಗ. ‘ಟೆಂಡರ್ ಕೋಕನಟ್’ ಹಿಡಿಯುವುದಿಲ್ಲ. ಉನೈಸ್ ಹೇಳಿದ, “ಎಳನೀರು ಅಂತ ಇಂಗ್ಲಿಷ್ ಅಕ್ಷರದಲ್ಲಿ ಹಾಕುವ ನಿತ್ಯಣ್ಣ. ಎಂಟಕ್ಷರದಲ್ಲಿ ಮುಗಿಯುತ್ತದೆ.”

“ಎಳನೀರು ಶಾಲೆ ಪುಸ್ತಕದ ಮಾತು ಮಾರಾಯ. ಇಲ್ಲಿ ನೋಡು, ಸೂಚನೆ ಹನ್ನೊಂದು. ‘ಲೋಕಲ್ ನೇಮ್’ ಅಂತ ಕೇಳಿದ್ದಾರೆ. ನಮ್ಮ ಲೋಕಲ್ ನೇಮ್ ಎಂತ?”

“ಬೊಂಡ. ಆದರೆ ಅವರಿಗೆ ಅರ್ಥ ಆಗ್ಲಿಕ್ಕಿಲ್ಲ. ‘ಟೆಂಡರ್’ ಅಂತ ಒಂದೇ ಶಬ್ದ ಹಾಕಿದ್ರೆ?”

“ಸರ್ಕಾರಿ ಅರ್ಜಿಯಲ್ಲಿ ಟೆಂಡರ್ ಅಂತ ಬರೆಯುವವ ಯಾರಾದ್ರೂ ಉಂಟಾ? ನೇರ ಟೆಂಡರ್ ಸೆಕ್ಷನಿಗೆ ಹೋಗ್ತದೆ. ಜಾಗವನ್ನು ಹರಾಜಿಗೆ ಹಾಕ್ತಾರೆ.”

ಈ ಜಾಣತನ ನನ್ನದು, ಮಾನ್ಯರೇ. ಒಂದೇ ಶಬ್ದಕ್ಕೆ ಎರಡು ಅರ್ಥ ಇರುವುದಕ್ಕೆ ಇಂಗ್ಲಿಷಿನಲ್ಲಿ ಒಂದು ಹೆಸರುಂಟು, ಹೋಮೋನಿಮ್ಮೋ ಸಿನಾನಿಮ್ಮೋ, ಎರಡರಲ್ಲಿ ಒಂದು. ನಮ್ಮ ಲೆಕ್ಚರರು ಹಲಗೆಯ ಮೇಲೆ ಬರೆದದ್ದು ಕಣ್ಣಿಗೆ ಕಟ್ಟಿದ ಹಾಗೆ ಉಂಟು, ಹೆಸರು ಮಾತ್ರ ಮರೆತಿದೆ. ‘ಟೆಂಡರ್’ ಎಂಬ ಹೊಂಡವನ್ನು ತಪ್ಪಿಸಿದೆನೆಂಬ ಹೆಮ್ಮೆಯಲ್ಲಿ ನಾನು ಆ ಕಾಲಮಿನಲ್ಲಿ ‘ಫ್ರೆಶ್ ಬೊಂಡ’ ಎಂದು ತುಂಬಿಸಿದೆ. ಬಳಸುವ ಉಪಕರಣ: ‘ನೈಫ್’. ಎಣ್ಣೆ ಎಷ್ಟು ಲೀಟರ್ ಎಂಬ ಕಾಲಂ ಖಾಲಿ. ಉಳಿಯುವ ಕಸ ಯಾವುದು ಎಂಬಲ್ಲಿ, ತೆಂಗಿನ ಚಿಪ್ಪಿಗೆ ಇಂಗ್ಲಿಷಿನಲ್ಲಿ ಏನೆಂಬುದು ನನಗೆ ಚೆನ್ನಾಗಿ ನೆನಪಿದ್ದುದರಿಂದ, ‘ಶೆಲ್ಸ್’ ಎಂದು ಬರೆದೆ. ಉನೈಸ್ ಒಮ್ಮೆ ನನ್ನ ಮುಖ ನೋಡಿ, ಗುಂಡಿ ಒತ್ತಿದ.

ಏಪ್ರಿಲಿನಲ್ಲಿ ತಮ್ಮ ಪರಿಶೀಲನಾ ಸಿಬ್ಬಂದಿಯೊಬ್ಬರು ಬಂದರು. ಬಿಸಿಲಿತ್ತು. ಕಾವೇರಮ್ಮ ಅವರನ್ನು ಕೂರಿಸಿ, ಒಂದು ನೀರಿನ ಬೊಂಡ, ಆಮೇಲೆ ಒಂದು ತಿರುಳಿನ ಬೊಂಡ ಕೊಟ್ಟರು. ಎರಡನ್ನೂ ಮುಗಿಸಿ, ಬಾಯಿ ಒರೆಸಿಕೊಂಡು, ಸುತ್ತ ನೋಡಿ ಹೋದರು. ಅವರ ವರದಿಯ ಪ್ರತಿ ನನ್ನ ಮುಂದಿದೆ: ‘ಭೇಟಿಯ ವೇಳೆ ಒಲೆ, ಬಾಣಲೆ ಮತ್ತು ಎಣ್ಣೆ ಕಂಡುಬಂದಿರುವುದಿಲ್ಲ. ಮುನ್ಸೂಚನೆ ದೊರೆತು ಮರೆಮಾಡಿರುವ ಸಾಧ್ಯತೆ ಇರುತ್ತದೆ.’ ಒಬ್ಬ ಮನುಷ್ಯ ಕೈಯಲ್ಲಿ ಬೊಂಡ ಹಿಡಿದುಕೊಂಡು ಬೊಂಡವನ್ನು ಹುಡುಕಿದ್ದಾನೆ. ಇದಕ್ಕೆ ಯಾವ ಭಾಷೆಯಲ್ಲಿ ಏನೆನ್ನುತ್ತಾರೆ?

ತಿರಸ್ಕಾರದ ಆದೇಶ ಬಂದ ಮರುದಿನ ನಾನು ಬೆಳಗಿನ ಮೊದಲ ಬಸ್ಸಿನಲ್ಲಿ ತಮ್ಮ ಕಚೇರಿಗೆ ಬಂದೆ. ಸಾಕ್ಷಿಗೆಂದು ಚೀಲದಲ್ಲಿ ಒಂದು ಬೊಂಡ ತಂದಿದ್ದೆ. ಗೇಟಿನ ಕಾವಲುಗಾರ ತಡೆದ. “ತಿಂಡಿ ಒಳಗೆ ತೆಗೊಂಡು ಹೋಗ್ಲಿಕ್ಕಿಲ್ಲ ಅಣ್ಣ.”

“ಇದು ತಿಂಡಿ ಅಲ್ಲ ಮಾರಾಯ! ಅದನ್ನು ಹೇಳ್ಲಿಕ್ಕೇ ಬಂದದ್ದು.”

ಅವನು ವಿಟ್ಲದ ಕಡೆಯವನು. ಚೀಲದೊಳಗೆ ಇಣುಕಿ, “ಓ, ಬೊಂಡವಾ? ಒಳ್ಳೇದುಂಟು. ಇಲ್ಲಿ ಇಟ್ಟು ಹೋಗಿ, ನಾನು ನೋಡಿಕೊಳ್ತೇನೆ,” ಎಂದ. ಅಂದರೆ, ಮಾನ್ಯರೇ, ಬೊಂಡ ಎಂದರೆ ಏನೆಂದು ಗೊತ್ತಿರುವ ಒಬ್ಬ ತಮ್ಮ ಕಚೇರಿಯಲ್ಲೇ ಇದ್ದಾನೆ. ಅವನನ್ನು ಗೇಟಿನ ಹೊರಗೆ ನಿಲ್ಲಿಸಿದ್ದೀರಿ.

ಒಳಗೆ ಕಂಪ್ಯೂಟರಿನ ಮುಂದಿದ್ದ ಹುಡುಗಿ ಮರ್ಯಾದಸ್ಥೆ. ಕುರ್ಚಿ ಕೊಟ್ಟಳು, ಪೂರ್ತಿ ಕೇಳಿದಳು. “ಸಾರ್, ಬೋಂಡಾ ಅಂದ್ರೆ ಬೋಂಡಾನೇ ಅಲ್ವಾ? ಜೊತೆಗೆ ವೇಸ್ಟ್ ಕಾಲಮ್ಮಲ್ಲಿ ಶೆಲ್ಸ್ ಅಂತ ಬೇರೆ ಹಾಕಿದ್ದೀರ. ಚಿಪ್ಪು ಇದೆ ಅಂದ್ಮೇಲೆ ಮೊಟ್ಟೆ ಬೋಂಡಾ ಅಂತ ಮೇಲಿನೋರು ತೀರ್ಮಾನ ಮಾಡಿದ್ದಾರೆ.”

ಮೊಟ್ಟೆ ಅಲ್ಲಿಂದ ಬಂದದ್ದು.

ಎಳನೀರು ಎಂದು ತಿದ್ದಿಕೊಡಿ ಎಂದೆ. “ತಿದ್ದೋಕೆ ಆಪ್ಷನ್ ಇಲ್ಲ ಸಾರ್. ಅರ್ಜಿ ಹಾಕೋ ಅವಧಿ ಮಾರ್ಚಿಗೇ ಮುಗಿದಿದೆ. ಇನ್ನು ಮುಂದಿನ ವರ್ಷಾನೇ.” ಹಾಗಾದರೆ ಇದು ತಪ್ಪು ತಿಳಿವಳಿಕೆ ಎಂದು ಒಂದು ಪತ್ರ ಕೊಡುತ್ತೇನೆ ಎಂದೆ. ಅವಳು ಧ್ವನಿ ತಗ್ಗಿಸಿದಳು. “ಕೊಡಬೇಡಿ ಸಾರ್. ಅರ್ಜೀಲಿ ಇರೋದು ನಿಜ ಅಲ್ಲ ಅಂತ ನೀವೇ ಬರೆದುಕೊಟ್ಟ ಹಾಗಾಗುತ್ತೆ. ತಪ್ಪು ಮಾಹಿತಿ ಕೊಟ್ಟೋರು ಮೂರು ವರ್ಷ ಅನರ್ಹರು ಅಂತ ಸೂಚನೆ ಹತ್ತೊಂಬತ್ತರಲ್ಲಿದೆ.”

ಈಗ ಹೇಳಿ. ಕಾವೇರಮ್ಮ ಮಾರುವುದು ಕರಿದ ಬೋಂಡಾ ಎಂದು ಒಪ್ಪಿದರೆ ನಲವತ್ತೆಂಟು ಸಾವಿರ ಮತ್ತು ಇಲ್ಲದ ಒಲೆಗೆ ಅಗ್ನಿಶಾಮಕದವರ ಒಪ್ಪಿಗೆ. ಎಳನೀರು ಎಂದು ಸತ್ಯ ಹೇಳಿದರೆ ಮೂರು ವರ್ಷ ಅನರ್ಹತೆ. ಸುಮ್ಮನಿದ್ದರೆ ಮೂವತ್ತೊಂದಕ್ಕೆ ಖಾಲಿ. ತಮ್ಮ ಹದಿನಾಲ್ಕು ಪುಟದಲ್ಲಿ ನಿಜ ಹೇಳುವವರಿಗೆ ಹೊರಗೆ ಬರುವ ದಾರಿಯನ್ನು ಎಷ್ಟನೇ ಪುಟದಲ್ಲಿ ಇಟ್ಟಿದ್ದೀರಿ? ಸ್ಥಳೀಯ ಹೆಸರು ಬರೆಯಿರಿ ಎಂದವರು ತಾವು. ಬರೆದೆವು. ಸ್ಥಳೀಯ ಹೆಸರು ಬೇಕು, ಸ್ಥಳೀಯ ಅರ್ಥ ಬೇಡ ಎಂದರೆ ಹೇಗೆ?

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನಾಲ್ಕು ವಾರದಿಂದ ನನಗೆ ಸಮಾಧಾನವಿಲ್ಲ, ಅದರ ಕಾರಣವನ್ನೂ ಬರೆಯಬೇಕು.

ನನ್ನ ಹೆಂಡತಿ ಕಾಂತಿ ನಾರಾವಿಯ ಶಾಲೆಯಲ್ಲಿ ಕನ್ನಡ ಟೀಚರ್ ಆಗಿದ್ದವಳು. ತೀರಿಕೊಂಡು ನಾಲ್ಕು ವರ್ಷವಾಯಿತು. ಕೊನೆಯ ಒಂದೂವರೆ ವರ್ಷ ಮೂರು ವಾರಕ್ಕೊಮ್ಮೆ ಮಂಗಳೂರಿಗೆ ಇಂಜೆಕ್ಷನಿಗೆ ಹೋಗಬೇಕಿತ್ತು. ಹಿಂದೆ ಬರುವಾಗ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಮೂಡುಬಿದಿರೆ ದಾಟಿ ಬಸ್ಸು ಕುಂಟಲಗುಡ್ಡೆಯ ಗೇಟಿಗೆ ಬಂದರೆ ಕಾವೇರಮ್ಮ ಬೊಂಡ ಹಿಡಿದುಕೊಂಡು ಕಿಟಕಿಯ ಹತ್ತಿರ ನಿಂತಿರುತ್ತಿದ್ದರು. ನಾವು ಯಾವ ದಿನ ಬರುತ್ತೇವೆಂದು ಒಮ್ಮೆಯೂ ಹೇಳಿದ್ದಿಲ್ಲ; ವಾರ ಎಣಿಸಿ ಅವರೇ ತಿಳಿದುಕೊಂಡಿದ್ದರು. ಬೆಳಿಗ್ಗೆಯೇ ರಾಶಿಯಲ್ಲಿ ಒಂದೊಂದನ್ನೇ ಬೆರಳಿನಲ್ಲಿ ತಟ್ಟಿ, ಶಬ್ದ ಕೇಳಿ, ಒಂದನ್ನು ಬದಿಗಿಡುತ್ತಿದ್ದರಂತೆ. “ಟೀಚರಿಗೆ ನೀರಿನದ್ದೇ ಆಗ್ಬೇಕು. ತಿರುಳು ಬಂದದ್ದು ವಾಂತಿ ಆಗ್ತದೆ.” ಕಾಂತಿ ಅದನ್ನು ಕುಡಿದು ಮುಗಿಸುವವರೆಗೆ, ಮೂರು ನಿಮಿಷ, ಡ್ರೈವರ್ ಬಸ್ಸು ನಿಲ್ಲಿಸಿಕೊಳ್ಳುತ್ತಿದ್ದ. ಮೂವತ್ತೆರಡು ವರ್ಷ ಒಂದೊಂದು ನಿಮಿಷಕ್ಕೆ ಡ್ರೈವರುಗಳನ್ನು ಬೈದ ನಾನು ಆ ಬಸ್ಸಿನಲ್ಲಿ ತಲೆ ತಗ್ಗಿಸಿ ಕೂತಿರುತ್ತಿದ್ದೆ.

ಇನ್ನೊಂದು ಸಂಗತಿ ಉಂಟು. ಮದುವೆಯಾದ ಹೊಸತರಲ್ಲಿ ನಾವು ಮೈಸೂರಿಗೆ ಹೋಗಿದ್ದೆವು. ಬಿಸಿಲಿಗೆ ಗಂಟಲು ಒಣಗಿ, ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ನಾನು ಗತ್ತಿನಿಂದ, “ಎರಡು ಬೊಂಡ ಕೊಡಿ. ಒಂದರಲ್ಲಿ ನೀರು ಜಾಸ್ತಿ ಇರ್ಲಿ,” ಎಂದೆ. ಹೋಟೆಲಿನವನು ಬಿಸಿಬಿಸಿ ಆಲೂಗಡ್ಡೆ ಬೋಂಡಾ ಎರಡು ತಂದಿಟ್ಟು, “ನೀರು ಜಗ್ಗಲ್ಲಿದೆ ಸಾರ್,” ಎಂದ. ಕಾಂತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದು ನಿಲ್ಲಲೇ ಇಲ್ಲ. ಆಮೇಲೆ ಮೂವತ್ತೇಳು ವರ್ಷ ನಾನು ಎಲ್ಲಿ ದೊಡ್ಡ ಮಾತಾಡಿದರೂ, ಯಾರ ಅರ್ಜಿಯಲ್ಲಿ ಇಂಗ್ಲಿಷ್ ತುರುಕಿದರೂ, ಅವಳು ಮೆಲ್ಲಗೆ “ನೀರು ಜಗ್ಗಿನಲ್ಲಿ ಉಂಟು” ಎನ್ನುತ್ತಿದ್ದಳು. ನಾನು ತಕ್ಷಣ ಕಾಗದ ಅವಳ ಕೈಗೆ ಕೊಡುತ್ತಿದ್ದೆ. ಅವಳು ತಿದ್ದುತ್ತಿದ್ದಳು.

ಹಾಗಾದರೆ ಬೊಂಡಕ್ಕೆ ಎರಡು ಅರ್ಥವಿದೆ ಎಂಬುದು ನಮ್ಮ ಊರಿನಲ್ಲಿ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿರಬೇಕಾದವನು ನಾನು. ಉನೈಸನ ಅಂಗಡಿಯಲ್ಲಿ ಕೂತಾಗ ಅದು ನೆನಪಿಗೆ ಬರಲಿಲ್ಲ. ತಮ್ಮ ಆದೇಶ ಓದಿ, ಬೋಂಡಾ ಎಂಬ ಆ ದೀರ್ಘವನ್ನು ನೋಡಿದ ಮೇಲೆ ಬಂತು. ಆ ಕಥೆಯನ್ನು ಇಷ್ಟು ವರ್ಷ ನೆನಪಿಟ್ಟುಕೊಂಡದ್ದು ನಾನಲ್ಲ, ಅವಳು. ಯಾರ ಹೆಂಡತಿಯ ಬಾಯಿಗೆ ಕಾವೇರಮ್ಮ ಬೊಂಡ ಹಿಡಿದರೋ, ಅವನೇ ಅವರ ಜಾಗ ಕಳೆದಿದ್ದಾನೆ.

ಇದನ್ನು ನಾನು ಅವರಿಗೆ ಇನ್ನೂ ಹೇಳಿಲ್ಲ. ಅವರು ಇದೆಲ್ಲ ಸರ್ಕಾರದ್ದೇ ಕೆಲಸ ಎಂದು ತಿಳಿದಿದ್ದಾರೆ. ಮೊನ್ನೆ ಹೋದಾಗಲೂ, “ನೀವು ನಮಗೋಸ್ಕರ ಎಷ್ಟು ಓಡಾಡಿದ್ರಿ ನಿತ್ಯಣ್ಣ,” ಎಂದು ಒಂದು ಬೊಂಡ ಕೆತ್ತಿ ಕೊಟ್ಟು, ದುಡ್ಡು ಕೊಟ್ಟರೆ ಕೈ ಹಿಂದೆ ಮಾಡಿದರು. ಕುಡಿದೆ. ಹೇಳದೆಯೇ ಬಸ್ಸು ಹತ್ತಿದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೆ. ಕಾವೇರಮ್ಮ ಮಾರುವುದು ಎಳನೀರು ಎಂದು ಒಂದು ಸಾಲಿನ ತಿದ್ದುಪಡಿ ಮಾಡಿ, ಎ ವರ್ಗದ ಶುಲ್ಕ ಕಟ್ಟಿಸಿಕೊಂಡು, ಮೂವತ್ತೊಂದರ ಆದೇಶವನ್ನು ಹಿಂದೆಗೆದುಕೊಳ್ಳಿ. ತಮ್ಮ ಕಂಪ್ಯೂಟರಿಗೆ ತಿದ್ದಲು ಬರದಿದ್ದರೆ ತಮಗೆ ಪೆನ್ನಿನಲ್ಲಿ ಬರಬಹುದು. ತಪ್ಪು ಮಾಹಿತಿಗಾಗಿ ಯಾರನ್ನಾದರೂ ಮೂರು ವರ್ಷ ಅನರ್ಹಗೊಳಿಸಲೇಬೇಕು ಎಂದಿದ್ದರೆ, ಅರ್ಜಿ ಬರೆದವನು ನಾನು, ನನ್ನನ್ನು ಮಾಡಿ. ಯಾರ ಅರ್ಜಿಯನ್ನೂ ಬರೆಯಕೂಡದು ಎಂದು ಆದೇಶಿಸಿ, ಸಂತೋಷದಿಂದ ಪಾಲಿಸುತ್ತೇನೆ. ಸಂಶಯ ಉಳಿದಿದ್ದರೆ ಸ್ವತಃ ಬನ್ನಿ. ದೂಪದ ಮರದ ಕೆಳಗೆ ಒಂದು ಬೊಂಡ ಕೇಳಿ. “ನೀರಿನದ್ದಾ, ತಿರುಳಿನದ್ದಾ?” ಎಂದು ಅವರು ಕೇಳುತ್ತಾರೆ. ಯಾವುದಾದರೂ ಒಂದನ್ನು ಹೇಳಿ, ಬರುವವರೆಗೆ ಸುತ್ತಮುತ್ತ ಎಣ್ಣೆ ಹುಡುಕುತ್ತಿರಿ. ಬೆಂಚಿನಲ್ಲಿ ಕೂರಬೇಡಿ, ಅಲ್ಲಿ ತುಕ್ರಪ್ಪ ಮಲಗಿರುತ್ತಾರೆ.

ಈ ಪತ್ರ ಪತ್ರಿಕೆಯಲ್ಲಿ ಬಂದ ದಿನ ಉನೈಸ್ ಅದನ್ನು ಕಾವೇರಮ್ಮನಿಗೆ ಓದಿ ಹೇಳದೆ ಇರುವುದಿಲ್ಲ. ಅದಕ್ಕೆ ಮುಂಚೆ ನಾನೇ ಹೋಗಿ ಹೇಳಬೇಕು. ನಾಳೆ ಏಳೂಕಾಲರ ಬಸ್ಸಿಗೆ ಹೋಗುತ್ತೇನೆ. ಡ್ರೈವರನಿಗೆ ಆ ಗೇಟಿನಲ್ಲಿ ನಿಲ್ಲಿಸಲು ಯಾರೂ ಹೇಳಬೇಕಾಗಿಲ್ಲ.

ಇಂತಿ, ಯಾರೂ ತಿದ್ದದ ಈ ಪತ್ರದ ಎಲ್ಲ ತಪ್ಪುಗಳಿಗೂ ಹೊಣೆಯಾದ

ನಿತ್ಯಾನಂದ, ನಾರಾವಿ
ನಿವೃತ್ತ ಬಸ್ ಟೈಮ್ ಕೀಪರ್
ಬಿ.ಎ. ಎರಡನೇ ವರ್ಷ, ಇಂಗ್ಲಿಷ್ ಬಾಕಿ